ನೆರಳುಗಡಲಿನಲ್ಲಿ ಇಲ್ಲದ ಕಲ್ಲುಗಳು

ಕಡಲಿಗೂ ಒಂದು ನೆರಳಿದ್ದು, ಕಡಲಿಗೆ ಮಾಡಲಿರುವ ಗಾಯವನ್ನು ಮೊದಲು ಆ ನೆರಳಿಗೆ ಮಾಡಿ ನೋಡುವಂತಿದ್ದರೆ?

ಪಡುಕಳಿಯಲ್ಲಿ ಅಂಥದೊಂದು ಇತ್ತು. ಊರಿನ ಹಿಂದಿನ ಗುಡ್ಡದ ಮೇಲೆ, ಬಿಳಿ ಕಟ್ಟಡದ ತಣ್ಣನೆಯ ಹಜಾರದಲ್ಲಿ, ಗೋಡೆಯಗಲದ ಪರದೆಯೊಳಗೆ ಅದು ಹಗಲೂ ಇರುಳೂ ಅಲೆಯೆಬ್ಬಿಸುತ್ತಿತ್ತು. ಕಾಗೆಕಲ್ಲು ದ್ವೀಪದ ಸುತ್ತಲಿನ ನಾನೂರು ಚದರ ಕಿಲೋಮೀಟರ್ ಕಡಲು ಅಭಯಧಾಮ. ಆ ಕಡಲಿನ ಬಿಸಿ, ಉಪ್ಪು, ಸೆಳೆತ, ಪಾಚಿ, ಪಾಚಿಯನ್ನು ತಿನ್ನುವ ಮೀನು, ಮೀನನ್ನು ತಿನ್ನುವ ಮೀನು, ಎಲ್ಲಕ್ಕೂ ಗಣಕದೊಳಗೆ ಒಂದೊಂದು ಜೋಡಿ. ಊರವರು ಅದನ್ನು ನೆರಳುಗಡಲು ಎಂದು ಕರೆದರು. ಆಮೇಲೆ ಸರ್ಕಾರಿ ಕಾಗದಗಳೂ ಹಾಗೇ ಕರೆದವು. ಕಾನೂನು ಸರಳವಾಗಿತ್ತು. ಅಭಯಧಾಮದಲ್ಲಿ ಯಾರಾದರೂ ನೆಲ ಕೊರೆಯುವುದಾದರೆ ಮೊದಲು ನೆರಳುಗಡಲಿನಲ್ಲಿ ಕೊರೆಯಬೇಕು. ನೆರಳು ಮೂವತ್ತು ವರ್ಷ ಬದುಕಿದರೆ ಅನುಮತಿ, ಸತ್ತರೆ ಇಲ್ಲ.

ಆ ದಿನ ನೆರಳು ಬದುಕಿತು.

ಮೂವತ್ತು ವರ್ಷಗಳು ಮೂರು ಗಂಟೆಯಲ್ಲಿ ಸರಿದುಹೋದವು. ಚಾಲಕಿಯ ಕುರ್ಚಿಯಲ್ಲಿ ಕೂತಿದ್ದ ಇಂಚರಾ ಕೊನೆಯ ವರ್ಷದ ಕೊನೆಯ ದಿನ ಹಸಿರಾಗಿ ಮಿನುಗಿದ್ದನ್ನು ಕಂಡು ಕೈ ತೆಗೆದಳು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಎಣ್ಣೆ ಕಂಪನಿಯ ಪ್ರತಿನಿಧಿ ತಲ್ವಾರ್ ಎದ್ದು ನಿಂತು, ಕೇಂದ್ರದ ನಿರ್ದೇಶಕಿ ಅನಸೂಯಾ ಹೆಬ್ಬಾರರ ಕೈ ಕುಲುಕಿದ.

"ನೋಡಿ ಮೇಡಂ, ಇದು ಹಳೆಯ ಕಾಲದ ಎಣ್ಣೆ ದಂಧೆಯಲ್ಲ. ಸುಡುವುದಕ್ಕಲ್ಲ, ಔಷಧಕ್ಕೆ, ದಾರಕ್ಕೆ. ಮೀನು ತುಂಬಿದ ನಿಮ್ಮ ತೆಂಕಣ ದಿಬ್ಬಕ್ಕೋಸ್ಕರ ನಮ್ಮ ಬಾವಿಯನ್ನು ಹನ್ನೆರಡು ಕಿಲೋಮೀಟರ್ ಬಡಗಕ್ಕೆ ಸರಿಸಿದ್ದೇವೆ. ಈ ಪರದೆಯ ಮೇಲಿನ ದಿಬ್ಬದ ಚಿತ್ರವನ್ನು ಕ್ಯಾಲೆಂಡರಿನಲ್ಲೂ ಹಾಕಿಸಿದ್ದೇವೆ."

"ಅನುಮತಿ ಕೊಡುವ ಮಂಡಳಿಯ ವಿಚಾರಣೆ ನಾಡಿದ್ದು," ಎಂದಷ್ಟೇ ಹೇಳಿದರು ಹೆಬ್ಬಾರ್.

ಎಲ್ಲರೂ ಚಹಾಕ್ಕೆ ಹೋದ ಮೇಲೂ ಇಂಚರಾ ಪರದೆಯ ಮುಂದೆಯೇ ಉಳಿದಳು. ಅವಳಿಗೊಂದು ಹಳೆಯ ಕಸಿವಿಸಿ ಇತ್ತು, ಅದರ ಹೆಸರು ಹದಿನಾಲ್ಕು. ಅಭಯಧಾಮದೊಳಗೆ ಇಪ್ಪತ್ತು ತೇಲುಮಾಪಕಗಳು ಲಂಗರು ಹಾಕಿಕೊಂಡು ನೀರಿನ ಸೆಳೆತವನ್ನು ಅಳೆಯುತ್ತಿದ್ದವು. ಹತ್ತೊಂಬತ್ತು ನೆರಳುಗಡಲಿನ ಮಾತಿಗೆ ಹೂಂಗುಟ್ಟುತ್ತಿದ್ದವು. ಹದಿನಾಲ್ಕನೆಯದು ಮಾತ್ರ ಆರು ವರ್ಷಗಳಿಂದ ಹಟ ಹಿಡಿದಿತ್ತು. ನೀರು ಇಲ್ಲಿ ನೆಟ್ಟಗೆ ಹರಿಯುತ್ತದೆ ಎನ್ನುತ್ತಿತ್ತು ಗಣಕ. ಇಲ್ಲ, ಸುತ್ತುತ್ತದೆ ಎನ್ನುತ್ತಿತ್ತು ಹದಿನಾಲ್ಕು. ಮಾಪಕವನ್ನು ಎರಡು ಸಲ ಬದಲಿಸಿದರೂ ಹೊಸದು ಹಳೆಯದರ ಚಾಳಿಯನ್ನೇ ಹಿಡಿಯಿತು. ಕೊನೆಗೆ ಬೇಸತ್ತು ಇಂಚರಾಳೇ ಗಣಕಕ್ಕೆ ಒಂದು ಸಾಲು ಬರೆದು ಹಾಕಿದ್ದಳು: ಹದಿನಾಲ್ಕನ್ನು ನಂಬಬೇಡ.

ಹೊಸ ಎಣ್ಣೆಬಾವಿಯ ಗುರುತು ಬಿದ್ದದ್ದು ಆ ಹದಿನಾಲ್ಕರ ಪಕ್ಕದಲ್ಲಿ.

ಅವಳು ಮಧ್ಯಾಹ್ನದ ಊಟಕ್ಕೆ ಗುಡ್ಡ ಇಳಿದು ಮನೆಗೆ ಹೋದಳು. ಅಮ್ಮ ಮುಕ್ತಾ ಬಂಗುಡೆ ಸಾರು ಮಾಡಿದ್ದಳು. ಅಮ್ಮನ ಅಣ್ಣ ಬಚ್ಚ ಮರಕಾಲ ಆಗಲೇ ತಟ್ಟೆಯ ಮುಂದೆ ಕೂತಿದ್ದ. ಅರವತ್ತೆಂಟರ ಆಳು, ಈಗಲೂ ಹುಟ್ಟು ಹಾಕಿಯೇ ನಾಡದೋಣಿ ನಡೆಸುವವನು. ಅಭಯಧಾಮದಲ್ಲಿ ಗಾಳ ಹಾಕಲು ಅನುಮತಿ ಇದ್ದದ್ದು ಇಂಥ ಯಂತ್ರವಿಲ್ಲದ ದೋಣಿಯವರಿಗೆ ಮಾತ್ರ.

"ಮಾವ, ತೆಂಕಣ ದಿಬ್ಬ ಉಳ್ದ್ಕಂತ್," ಎಂದಳು ಇಂಚರಾ. "ಅದ್ರಿಂದ ಹನ್ನೆರಡ್ ಕಿಲೋಮೀಟರ್ ಆಚೆ ಕೊರೀತ್ರಂಬ್ರ್."

"ಯಾವ ದಿಬ್ಬ?"

"ನೀವೆಲ್ಲ ಪಟ್ಟೀಲಿ ಬರ್ಸಿದ್ದ್. ಮುರು ಮೀನ್ ಸಿಕ್ಕು ಜಾಗ."

ಬಚ್ಚ ಮರಕಾಲನಿಗೆ ಮೊದಲು ಬಂದದ್ದು ನಗೆ. ಆಮೇಲೆ ಅನ್ನ ನೆತ್ತಿಗೇರಿ ಕೆಮ್ಮು. ಮುಕ್ತಾ ಅಣ್ಣನ ನೆತ್ತಿ ತಟ್ಟಿ ನೀರು ಕೊಟ್ಟಳು. ಕಣ್ಣೊರೆಸಿಕೊಂಡು ಅವನು ಹೇಳಿದ: "ಅಲ್ಲಿ ಒಂದ್ ಏಡಿಯೂ ಇಲ್ಲೆ ಹೆಣೆ! ಬರೀ ಹೊಯ್ಗಿ, ಮರಳ್. ನನ್ನ್ ಜನ್ಮದಲ್ಲ್ ನಾ ಅಲ್ಲಿ ಗಾಳ ಇಳ್ಸಲಿಲ್ಲ."

"ಮತ್ತೆಂತಕ್ಕ್ ಬರ್ಸಿದ್ರಿ?"

"ಪಟ್ಟಿ ಬರೂಕ್ ಬಂದವ ಮೀನ್ ಎಲ್ಲ್ ಸಿಕ್ತ್ ಅಂದ್ ಕೇಂಡ. ಹಾಂಗೆ ಕೇಂಬ್ದೇ ಮರ್ಯಾದಿ ಅಲ್ಲ. ಕೇಂಡ್ರೆ ತೆಂಕಿಗೆ ಅಂಬ್ದ್. ನನ್ನ್ ಮಾವ ಹಾಂಗೇ ಅಂತಿದ್ರ್, ಅವ್ರ್ ಮಾವನೂ ಹಾಂಗೇ."

"ಎಲ್ರೂ?"

"ಊರಿಗ್ ಊರೇ. ಬೇರೆಂತ ಹೇಳುಕೆ ಆತ್ತ್?"

ಇಂಚರಾಳ ತುತ್ತು ಕೈಯಲ್ಲೇ ಉಳಿಯಿತು. ಅಭಯಧಾಮದಲ್ಲಿ ಶಬ್ದ ಕಳಿಸಿ ತಳ ಅಳೆಯುವುದು ನಿಷೇಧ, ಡಾಲ್ಫಿನ್‌ಗಳ ಕಿವಿ ಕೆಡುತ್ತದೆ. ಹಾಗಾಗಿ ನೆರಳುಗಡಲಿನ ತಳವನ್ನು ಕಟ್ಟಿದ್ದು ಮೀನುಗಾರರ ಪಟ್ಟಿಯಿಂದ. ಮುರುವಿನಂಥ, ಕಲ್ಲಿನ ಸಂದಿಯಲ್ಲಿ ಬದುಕುವ ಮೀನು ಸಿಕ್ಕಲ್ಲಿ ಕಲ್ಲು, ಸಿಗದಲ್ಲಿ ಮರಳು. ಕಂಪನಿ ಅಭಯಧಾಮದ ಗಡಿಯಾಚೆಯಿಂದ ಓರೆಯಾಗಿ ಸದ್ದು ಕಳಿಸಿ ಎಣ್ಣೆ ಹುಡುಕಿತ್ತು. ಎರಡು ಮೈಲಿ ಆಳದ ಎಣ್ಣೆ ಕಂಡ ಆ ಕಣ್ಣಿಗೆ ತಳದ ಮೇಲಿನ ಕಲ್ಲು ಕಾಣಿಸಿರಲಿಲ್ಲ. ಒಂಬತ್ತು ವರ್ಷ, ಮುನ್ನೂರು ಜನ, ಎಲ್ಲರೂ 'ತೆಂಕಿಗೆ' ಅಂದಿದ್ದಾರೆ. ಇಲ್ಲದ ದಿಬ್ಬವೊಂದು ಎದ್ದು ಕ್ಯಾಲೆಂಡರಿಗೂ ಏರಿದೆ. ಇದ್ದ ಕಲ್ಲುಗಳೆಲ್ಲ ಮರಳಾಗಿವೆ. ಅವಳೂ ಇದೇ ಊರಿನ ಹುಡುಗಿ. ಅಮ್ಮನ ಮೀನುಬುಟ್ಟಿ ಇಣುಕಿ ಯಾರಾದರೂ ಕೇಳಿದರೆ ತೆಂಕಿನದು ಎನ್ನಬೇಕೆಂದು ಮಾತು ಬರುವ ಮೊದಲೇ ಕಲಿತವಳು. ಆದರೆ ಅದೇ ಮಾತು ಅಂಕಿಯಾಗಿ ಪರದೆಯ ಮೇಲೆ ಬಂದಾಗ ನಿಜವೆಂದು ನಂಬಿಬಿಟ್ಟಿದ್ದಳು.

ಅವಳು ನೀರಿನ ತಂಬಿಗೆಯನ್ನು ಮೇಜಿನ ನಡುವೆ ಇಟ್ಟಳು. "ಇದ್ ಕಾಗೆಕಲ್ಲ್. ಈ ಉಪ್ಪಿನ ಮರಿಗೆ ಹಳೆ ದೀಪದ ಕಂಬ. ಬಾವಿ ಬಪ್ದ್ ಇಲ್ಲಿ." ಚಮಚೆಯನ್ನು ಇಟ್ಟಳು.

ಬಚ್ಚ ಮರಕಾಲ ಚಮಚೆಯನ್ನೇ ನೋಡಿದ. ಅದನ್ನು ಎತ್ತಿ ಒಂದಿಷ್ಟು ಪಕ್ಕಕ್ಕಿಡಲು ಕೈ ಚಾಚಿ, ಚಾಚಿದ್ದನ್ನು ಹಿಂತೆಗೆದುಕೊಂಡ.

"ಅಲ್ಲಿ ಕಲ್ಲ್ ಇತ್ತಾ ಮಾವ?"

ಅವನು ಸಾರಿನ ಮೀನಿನ ಮುಳ್ಳು ಬಿಡಿಸತೊಡಗಿದ.

"ನಿಮ್ಮ್ ಕಲ್ಲಾ?"

"ಅದ್ನ ಹೇಳುಕಾಗ."

ಹೇಳುವಂತಿಲ್ಲ ಎಂದರೆ ಇಲ್ಲ. ಪಡುಕಳಿಯಲ್ಲಿ ಒಂದೊಂದು ಮನೆತನಕ್ಕೆ ಕಡಲಿನಲ್ಲಿ ಒಂದೊಂದು ಕಲ್ಲು. ದಡದ ಎರಡು ಗುರುತು ಒಂದರ ಮೇಲೊಂದು ಬಂದು ಕೂತರೆ ಒಂದು ಗೆರೆ, ಇನ್ನೆರಡು ಕೂಡಿದರೆ ಇನ್ನೊಂದು. ಎರಡು ಗೆರೆಯೂ ಸೇರುವಲ್ಲಿ ದೋಣಿ ನಿಂತರೆ ಕೆಳಗೆ ಕಲ್ಲು, ಕಲ್ಲಿನಲ್ಲಿ ಮೀನು. ಕಲ್ಲಿಗೆ ಹೋಗುವ ದಿನ ಗಂಡಸರು ಜಾಡು ಸಿಗದಂತೆ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ಹೋಗುತ್ತಾರೆ. ಗುರುತನ್ನು ಬರೆಯುವುದಿಲ್ಲ. ಸೋದರಮಾವ ತನ್ನ ಅಳಿಯನಿಗೆ, ಅಕ್ಕತಂಗಿಯರ ಮಗನಿಗೆ, ಕಡಲಿನ ಮೇಲೆಯೇ, ಒಮ್ಮೆ ಮಾತ್ರ ಹೇಳುತ್ತಾನೆ. ಬಚ್ಚ ಮರಕಾಲನಿಗೆ ಅಳಿಯನಿಲ್ಲ. ಇದ್ದದ್ದು ಒಬ್ಬಳು ಸೊಸೆ, ಇಂಚರಾ. ಹತ್ತು ವರ್ಷದವಳಿದ್ದಾಗ ಒಮ್ಮೆ ಕೇಳಿದ್ದಕ್ಕೆ, ನೀನ್ ಓದ್ಕೋ ಎಂದಿದ್ದ. ಮತ್ತೆ ಅವಳು ಕೇಳಲಿಲ್ಲ.

"ಮಾವ, ನೀವ್ ಹೇಳದಿರೆ ಕೊರೀತ್ರ್."

"ಹೇಳ್ರೆ ನಂದ್ ಅಂಬ್ದ್ ಎಂತ ಉಳೀತ್ತ್? ನಾಳೆ ಊರಿನ ದೋಣಿ ಎಲ್ಲ ಅಲ್ಲೇ. ಸತ್ರೆ ನನ್ನ್ ಜೊತಿಗೇ ಹೋಗ್ಲಿ. ಹೇಳ್ಕ್ ಅಂದ್ರೆ ಅಳಿಯ ಬೇಕ್."

ಮುಕ್ತಾ ಸಾರಿನ ಸೌಟನ್ನು ಪಾತ್ರೆಗೆ ಬಡಿದಳು. "ಅಣ್ಣ, ನಮ್ಮ್ ಕುಲದ ಬಳಿ ಬಪ್ದ್ ಯಾರಿಂದ? ಹೆತ್ತ್ ಅಬ್ಬಿಯಿಂದ. ಮನಿ ಹೆಣ್ಣಿಂದ, ಹೆಸ್ರ್ ಹೆಣ್ಣಿಂದ. ಕಲ್ಲ್ ಮಾತ್ರ ಹೆಣ್ಣಿನ ತಲಿ ಮೇಲೆ ಹಾರಿ ಗಂಡಿಗ್ ಹೋಪ್ದಾ? ಹಾರುಕೆ ಅದೇನ್ ಕಲ್ಲಾ, ಕಪ್ಪಿಯಾ?"

ಬಚ್ಚ ಮರಕಾಲ ಅರ್ಧ ಊಟಕ್ಕೆ ಕೈ ತೊಳೆದು ಹೊರಟುಹೋದ.

ವಿಚಾರಣೆ ನಡೆದದ್ದು ನೆರಳುಗಡಲಿನ ಹಜಾರದಲ್ಲೇ, ಬೆಳಿಗ್ಗೆ ಹತ್ತಕ್ಕೆ. ಇಂಚರಾ ಹಿಂದಿನ ದಿನವೇ ಹೆಬ್ಬಾರರಿಗೆ ಎಲ್ಲ ಹೇಳಿದ್ದಳು. ಅವರು "ನಾನು ಹೇಳಿದರೆ ಅದು ಕೇಂದ್ರದ ತಪ್ಪು, ನೀನು ಹೇಳಿದರೆ ನಿನ್ನ ಊರಿನ ಮಾನ ಹೋಗುತ್ತದೆ. ಯೋಚನೆ ಮಾಡು," ಎಂದಿದ್ದರು. ಊರಿಗೂ ಸುದ್ದಿ ಮುಟ್ಟಿತ್ತು. ಊರ ಯಜಮಾನ ಗುರಿಕಾರರ ಅಂಗಳದಲ್ಲಿ ಸೇರಿದ ಸಭೆ, ಎಲ್ಲರೂ ಇನ್ನೊಬ್ಬನ ಮುಖ ನೋಡಿ, ಒಬ್ಬನೂ ಬಾಯಿ ಬಿಡದೆ ಮುಗಿದಿತ್ತು.

ಮಂಡಳಿಯ ಅಧ್ಯಕ್ಷೆ ಕೌಜಲಗಿ ಬೆಳಗಾವಿ ಕಡೆಯ ನಿವೃತ್ತ ನ್ಯಾಯಾಧೀಶೆ. ತಲ್ವಾರ್ ತೆಂಕಣ ದಿಬ್ಬದ ಚಿತ್ರ ತೋರಿಸಿ ಕೂತ ಮೇಲೆ, "ಯಾರದರೆ ತಕರಾರು ಐತೇನು?" ಎಂದರು.

ಇಂಚರಾ ಎದ್ದಳು. ಹಜಾರದ ಹಿಂಬದಿ ತುಂಬ ಊರವರು. ಬಿಳಿ ಅಂಗಿ ತೊಟ್ಟ ಮಾವ ಕಂಬಕ್ಕೊರಗಿ ನಿಂತಿದ್ದ.

"ಮೇಡಂ, ಆ ದಿಬ್ಬ ಇಲ್ಲ. ನಮ್ಮ ಊರಿನವರು ಪಟ್ಟಿಯಲ್ಲಿ ಬರೆಸಿದ್ದು ಸುಳ್ಳು. ನಿಜವಾದ ಕಲ್ಲುಗಳು ಬಾವಿಯ ಜಾಗದಲ್ಲೇ ಇವೆ."

ತಲ್ವಾರ್ ಸಿಟ್ಟಾಗಲಿಲ್ಲ. ಕನಿಕರದಿಂದ ನಕ್ಕ. "ಒಂಬತ್ತು ವರ್ಷ ಸಹಿ ಹಾಕಿ ಸುಳ್ಳು ಬರೆಸಿದವರಂತೆ. ಇವತ್ತು ನಮ್ಮನ್ನು ತಡೆಯಲು ಇನ್ನೊಂದು ಸುಳ್ಳು ಹೇಳುವುದಿಲ್ಲ ಎಂದು ನಂಬುವುದು ಹೇಗೆ? ಕಲ್ಲು ಎಲ್ಲಿದೆ ಎಂದಾದರೂ ಈ ಹುಡುಗಿಗೆ ಗೊತ್ತೇ?"

"ಗೊತ್ತೇನಮ್ಮಾ?" ಎಂದರು ಅಧ್ಯಕ್ಷೆ.

"ಇಲ್ಲ ಮೇಡಂ. ನನಗೆ ಹೇಳಿಲ್ಲ."

ಹಿಂಬದಿಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ ಹೆಜ್ಜೆ ಸಪ್ಪಳ. ಬಚ್ಚ ಮರಕಾಲ ಧ್ವನಿವರ್ಧಕದ ಹತ್ತಿರ ಹೋಗಲಿಲ್ಲ, ಅಧ್ಯಕ್ಷೆಯ ಕಡೆ ನೋಡಲೂ ಇಲ್ಲ. ನೇರ ಇಂಚರಾಳ ಮೇಜಿಗೆ ಬಂದು, ಅವಳ ಕೀಲಿಮಣೆಯ ಪಕ್ಕ ಅಂಗೈ ಊರಿದ.

"ಬರ್ಕೊ ಹೆಣೆ."

ಇಡೀ ಹಜಾರಕ್ಕೆ ಕೇಳುವ, ಎರಡು ದೋಣಿಗಳ ನಡುವೆ ಕೂಗುವ ಗಂಟಲದು.

"ಕಾಗೆಕಲ್ಲಿನ ಬೋಳ್ ತುದಿ ಮೇಲೆ ಕೊಡಚಾದ್ರಿ ಬಂದ್ ಕೂರ್ಕ್. ಅದ್ ಒಂದ್. ಹಳೆ ದೀಪದ ಕಂಬದ ಎಡಗಡಿ ಮಾಸ್ತಿಗುಡ್ಡಿ ಮರ ಒಂದ್ ಬೆರಳ್ ಕಾಣ್ಕ್. ಅದ್ ಎರಡ್. ಆಳ ಹದಿನೇಳ್ ಮಾರ್. ಇದ್ ಬಚ್ಚ ಮರಕಾಲನ ಕಲ್ಲ್. ನಂಗ್ ನನ್ನ್ ಮಾವ ಕೊಟ್ಟದ್ದ್, ಅವ್ರಿಗ್ ಅವ್ರ್ ಮಾವ." ಒಂದು ಉಸಿರು ನಿಲ್ಲಿಸಿ ಸೇರಿಸಿದ: "ಈಗ ನನ್ನ್ ಸೊಸಿಗೆ."

ಇಂಚರಾ ಬರೆದುಕೊಂಡಳು. ಹದಿನೇಳು ಎರಡು ಸಲ ತಪ್ಪಿತು. ಗಣಕ ಎರಡು ಗೆರೆ ಎಳೆದು ಪರದೆಯ ಮೇಲೆ ಒಂದು ಚುಕ್ಕೆ ಇಟ್ಟಿತು. ಬಾವಿಯ ಗುರುತಿನಿಂದ ಅದು ಇನ್ನೂರು ಮೀಟರ್ ಕೂಡ ಇರಲಿಲ್ಲ.

ಊರಿನ ಅತಿ ಹಳೆಯ ಕಲ್ಲು ಎಲ್ಲರ ಕಣ್ಣೆದುರು ಬಟಾಬಯಲಾಗಿತ್ತು. ಅವನನ್ನು ಹಾಗೆ ಒಬ್ಬನನ್ನೇ ನಿಲ್ಲಿಸಿ ನೋಡುವುದು ಊರಿನಿಂದ ಆಗಲಿಲ್ಲವೋ ಏನೋ. ಸಿದ್ದು ಮರಕಾಲ ಮುಂದೆ ಬಂದು ತನ್ನದನ್ನು ಹೇಳಿದ. ಹಿಂದೆಯೇ ಗುರಿಕಾರರು. ಆಮೇಲೆ ಸಾಲು. ಕಣ್ಣು ಕಾಣದ ಒಬ್ಬ ಅಜ್ಜ ಗುರುತುಗಳನ್ನೆಲ್ಲ ಕೈಬೆರಳಿನಲ್ಲಿ ಗಾಳಿಯ ಮೇಲೆ ಬರೆದು ತೋರಿಸಿದ. ಹದಿನಾಲ್ಕನೆಯವನಾಗಿ ಬಂದ ಗೋಯ್ದ ಖಾರ್ವಿ ತನ್ನ ಗುರುತು ಹೇಳುತ್ತಿದ್ದಂತೆ ಸಿದ್ದು ಮರಕಾಲ ಅಬ್ಬರಿಸಿದ:

"ಹ್ವಾಯ್! ಅದ್ ನನ್ನ್ ಕಲ್ಲ್ ಅಲ್ದಾ!"

"ನಿಂದ್ ಎಲ್ಲಿಂದ ಬಂತ್? ನಾ ನಲ್ವತ್ ವರ್ಷ್ದಿಂದ ಬೆಳಿಗ್ಗೆ ಹೋತಿದ್ದೆ!"

"ನಾ ಮಧ್ಯಾಹ್ನ ಹೋತಿದ್ದೆ!"

"ಅದ್ಕೇ ಕಾಣ್, ನಂಗ್ ಅರ್ಧ ಮೀನ್ ಸಿಕ್ಕುದ್!"

ಹಜಾರ ನಗೆಯಲ್ಲಿ ಮುಳುಗಿತು. ಅಧ್ಯಕ್ಷೆಯೂ ಸೆರಗು ಬಾಯಿಗೆ ಹಿಡಿದರು. ನಗೆ ಇಳಿದ ಮೇಲೆ ತಲ್ವಾರ್ ಎದ್ದ. "ಒಳ್ಳೆಯ ನಾಟಕ. ಎಲ್ಲರೂ ಮೊದಲೇ ಕೂಡಿ ಮಾತಾಡಿಕೊಂಡು ಬಂದಿರಬಹುದು."

"ಕೂಡಿ ಮಾತಾಡಿದ್ದರೆ ಇವರಿಬ್ಬರ ಜಗಳ ಮನೆಯಲ್ಲೇ ಮುಗಿದಿರುತ್ತಿತ್ತು ಸರ್," ಎಂದಳು ಇಂಚರಾ. "ಇರಲಿ. ನಂಬಬೇಡಿ. ಕಡಲನ್ನೇ ಕೇಳೋಣ."

ಪರದೆಯ ಮೇಲೆ ಈಗ ಇಪ್ಪತ್ತಾರು ಚುಕ್ಕೆಗಳಿದ್ದವು. ಒಬ್ಬೊಬ್ಬನಿಗೆ ತನ್ನದೊಂದೇ ಗೊತ್ತಿದ್ದ ಚುಕ್ಕೆಗಳು ಒಟ್ಟಾಗಿ, ದ್ವೀಪದಿಂದ ಬಡಗಕ್ಕೆ ಕುಡುಗೋಲಿನಂತೆ ಬಾಗಿದ ಒಂದೇ ಸಾಲು. ಅದು ಮುಳುಗಿದ ಗುಡ್ಡವೊಂದರ ಬೆನ್ನು. ಅವಳು ಆ ಬೆನ್ನನ್ನು ನೆರಳುಗಡಲಿನ ತಳದಲ್ಲಿ ಇಟ್ಟಳು, ತೆಂಕಣ ದಿಬ್ಬವನ್ನು ಅಳಿಸಿದಳು. ಹದಿನಾಲ್ಕನೆಯ ಮಾಪಕದ ಅಂಕಿಗಳನ್ನು ಕೇಂದ್ರ ಯಾರಿಗೂ ಕೊಟ್ಟಿರಲಿಲ್ಲ. ಅದರ ಹಟ ಊರಿಗೂ ಗೊತ್ತಿರಲಿಲ್ಲ, ಕಂಪನಿಗೂ ಗೊತ್ತಿರಲಿಲ್ಲ. ಅದನ್ನು ಅಧ್ಯಕ್ಷೆಗೆ ವಿವರಿಸಿ, ತಾನೇ ಬರೆದಿದ್ದ ಆ ಸಾಲನ್ನು ಹುಡುಕಿ ತೆಗೆದುಹಾಕಿ, ಕಳೆದ ಆರು ವರ್ಷಗಳನ್ನು ಮತ್ತೆ ಓಡಿಸಿದಳು.

ಎರಡು ಗೆರೆಗಳು ಓಡತೊಡಗಿದವು. ಕೆಂಪು, ಮಾಪಕ ಅಳೆದದ್ದು. ನೀಲಿ, ಗಣಕ ಊಹಿಸಿದ್ದು. ಆರು ವರ್ಷ ಒಂದನ್ನೊಂದು ಮೂಸಿ ನೋಡದಿದ್ದ ಗೆರೆಗಳು ಈಗ ಒಂದರ ಮೇಲೊಂದು ಬಿದ್ದು ಒಂದೇ ಗೆರೆಯಾದವು. ಗುಡ್ಡದ ಬೆನ್ನಿಗೆ ಬಡಿದ ನೀರು ಸುತ್ತುತ್ತಿತ್ತು, ಮಾಪಕ ಹೇಳಿದಂತೆಯೇ. ಅನಸೂಯಾ ಹೆಬ್ಬಾರ್ ತಮಗರಿವಿಲ್ಲದೆ ಎದ್ದು ನಿಂತಿದ್ದರು.

"ಈಗ ಕೊರೆದು ತೋರಿಸವ್ವಾ," ಎಂದರು ಅಧ್ಯಕ್ಷೆ.

ಇಂಚರಾ ಕೊರೆದಳು. ಆ ಸುಳಿಯೇ ಮೀನಿನ ಮೊಟ್ಟೆ ಮರಿಗಳನ್ನು ಕಲ್ಲುಗಳ ಮೇಲೆ ಕೂಡಿಡುತ್ತಿದ್ದದ್ದು. ಬಾವಿ ಬಂದ ಮೇಲೆ ಅದೇ ಸುಳಿ ಕೊರೆತದ ಕೆಸರನ್ನು ಕೂಡಿಟ್ಟಿತು. ಎರಡನೆಯ ವರ್ಷ ಶಾಯಿ ಉಗುಳುವ ಬೊಂಡಾಸುಗಳು ಮೊಟ್ಟೆಯಿಡಲು ಬರಲಿಲ್ಲ. ಐದನೆಯ ವರ್ಷ ಮುರು ಮೀನು ಮುಗಿಯಿತು. ಹನ್ನೊಂದರಲ್ಲಿ ಡಾಲ್ಫಿನ್‌ಗಳು ಗಡಿ ದಾಟಿಹೋದವು, ಹಿಂತಿರುಗಲಿಲ್ಲ. ಹತ್ತೊಂಬತ್ತಕ್ಕೆ ಪರದೆ ಅಂಚಿನಿಂದ ಅಂಚಿಗೆ ಬೂದುಬಣ್ಣಕ್ಕೆ ತಿರುಗಿತು.

"ನಿಲ್ಸ್ ಹೆಣೆ." ಬಚ್ಚ ಮರಕಾಲನ ದನಿ ಪಿಸುಮಾತಿಗಿಳಿದಿತ್ತು. "ಇದ್ ನೆರಳ್ ಅಲ್ದಾ? ಕಲ್ಲಿಗೆ ಎಂತದೂ ಆಯ್ಲಿಲ್ಲ ಅಲ್ದಾ?"

"ಎಂತದೂ ಆಯ್ಲಿಲ್ಲ ಮಾವ."

ಅಧ್ಯಕ್ಷೆ ಅಂದೇ ತೀರ್ಪು ಕೊಡಲಿಲ್ಲ. ಯಂತ್ರದ ಸದ್ದಿಲ್ಲದೆ ಮುಳುಗುವ ಇಬ್ಬರು ಮುಳುಗುಗಾರರನ್ನು ಕಾರವಾರದಿಂದ ಕರೆಸಿ, ಮೂರು ಕಲ್ಲುಗಳನ್ನು ತಾವೇ ಆರಿಸಿ ಕಳಿಸಿದರು. ಮೂರೂ ಇದ್ದವು. ಕಲ್ಲಿನ ಸಂದಿಯಲ್ಲಿ ಬೊಂಡಾಸಿನ ಮೊಟ್ಟೆಗಳು ದ್ರಾಕ್ಷಿಗೊಂಚಲಿನಂತೆ ತೂಗುತ್ತಿರುವ ಚಿತ್ರಗಳು ಬಂದವು. ಒಂಬತ್ತನೆಯ ದಿನ ಆದೇಶ ಬಂತು: ಕಾಗೆಕಲ್ಲು ಅಭಯಧಾಮದಲ್ಲಿ ಕೊರೆತವಿಲ್ಲ. ಪಡುಕಳಿಯ ಮೀನುಗಾರರು ಕೊಟ್ಟ ಗುರುತುಗಳು ಇನ್ನು ಮುಂದೆ ನೆರಳುಗಡಲಿನ ಆಧಾರ ದಾಖಲೆ. ಸುಳ್ಳು ಪಟ್ಟಿಗೆ ಎಲ್ಲರಿಗೂ ಒಂದು ಛೀಮಾರಿಯೂ ಇತ್ತು. ಗುರಿಕಾರರು ಆ ಭಾಗವನ್ನೂ ಬಿಡದೆ, ಗಟ್ಟಿಯಾಗಿ, ತಲೆಯೆತ್ತಿ ಓದಿದರು.

ಅಂದು ಸಂಜೆ ಬಚ್ಚ ಮರಕಾಲ ತಂಗಿಯ ಮನೆಯ ದಣಪೆಯ ಹತ್ತಿರ ನಿಂತು ಒಳಗೆ ಬಾರದೆ ಕೂಗಿದ: "ನಾಳೆ ರಜಿ ಹಾಕ್."

ಬೆಳಿಗ್ಗೆ ಇಂಚರಾ ದೋಣಿಯ ಮುಂದುಗಡೆ ಕೂತಳು. ಹುಟ್ಟು ಹಾಕಲು ಬಾರದು. ಒಂದು ಗಂಟೆಯಲ್ಲಿ ಅಂಗೈ ಬೊಬ್ಬೆ ಎದ್ದಿತು. ಆ ಕಲ್ಲಿನ ನೆಲೆ ಅವಳಿಗೆ ಆರು ದಶಾಂಶದವರೆಗೆ ಬಾಯಿಪಾಠ, ಆದರೆ ಇಲ್ಲಿ ಯಾವ ದಶಾಂಶವೂ ನೀರಿನ ಮೇಲೆ ಬರೆದಿರಲಿಲ್ಲ.

"ಬಂತ್, ಮಾವ. ಕೊಡಚಾದ್ರಿ ಬೋಳ್ ತುದಿ ಮೇಲೆ ಬಂತ್."

"ಬಂದದ್ದ್ ಹೌದ್. ಕೂಕಂಡಿಲ್ಲ, ನಿಂತ್ಕಂಡಿತ್ತ್. ಇನ್ನೂ ಹಾಕ್."

ಮತ್ತಿಷ್ಟು ಹಾಕಿದಳು. ಬೆಟ್ಟ ನಿಧಾನವಾಗಿ, ದಣಿದ ಹೆಂಗಸು ಬುಟ್ಟಿ ಇಳಿಸಿ ಕೂರುವ ಹಾಗೆ, ಕಾಗೆಕಲ್ಲಿನ ತಲೆಯ ಮೇಲೆ ಕೂತಿತು. ಎಡಗಡೆ ದೀಪದ ಕಂಬ, ಅದರ ಪಕ್ಕ ಒಂದು ಬೆರಳಿನಷ್ಟು ಮರ. ಮಾವ ಲಂಗರಿನ ಕಲ್ಲನ್ನು ಅವಳ ಕಡೆ ನೂಕಿದ. ಅವಳು ಇಳಿಸಿದಳು. ಹಗ್ಗ ಬೊಬ್ಬೆಗಳನ್ನು ಉಜ್ಜುತ್ತ ಕೆಳಗೆ, ಕೆಳಗೆ ಹೋಯಿತು. ಹದಿನೇಳು ಮಾರು ಆದಾಗ ತಳದಿಂದ ಒಂದು ಪೆಟ್ಟು ಹಗ್ಗದಗುಂಟ ಏರಿ ಅವಳ ಮೊಣಕೈವರೆಗೆ ಬಂತು. ಮರಳಲ್ಲ. ಗಟ್ಟಿ. ಆರು ವರ್ಷ ಅವಳ ಎದುರಿಗಿದ್ದೂ ಇಲ್ಲದಿದ್ದದ್ದು.

"ಸಿಕ್ತಾ?" ಎಂದ ಮಾವ.

ಅವಳು ತಲೆಯಾಡಿಸಿ, ಕಣ್ಣೆತ್ತಿದಳು.

ದ್ವೀಪದ ಕಡೆಯಿಂದ ಒಂದು ದೋಣಿ ಬರುತ್ತಿತ್ತು. ಅದರ ಹಿಂದೆ ಇನ್ನೊಂದು. ಮಾವನ ಕೈ ಹುಟ್ಟಿನ ಮೇಲೆ ಬಿಗಿಯಾದದ್ದನ್ನು ಅವಳು ನೋಡಿದಳು. ಇದೇ ತಾನೆ ಅವನು ಹೆದರಿದ್ದದ್ದು. ದೋಣಿಗಳು ಹತ್ತಿರವಾದವು, ಗುರಿಕಾರರದು, ಆ ಕುರುಡಜ್ಜನ ಮಗನದು. ಕೂಗಿದರೆ ಕೇಳುವಷ್ಟು ದೂರಕ್ಕೆ ಬಂದು, ಮೂತಿ ತಿರುಗಿಸಿ, ತಮ್ಮ ತಮ್ಮ ಗುರುತಿಗೆ ಹೋದವು. ಹಿಂದೆ ಮತ್ತಷ್ಟು. ಕದ್ದು ಹೋಗುವ ಹೊತ್ತು ಹುಡುಕದೆ, ಊರಿನ ದೋಣಿಗಳೆಲ್ಲ ಒಂದೇ ಹಗಲಿನಲ್ಲಿ ಬಂದು, ಒಂದೊಂದು ಕಲ್ಲಿನ ಮೇಲೆ ಒಂದೊಂದಾಗಿ ನಿಂತವು. ಒಂದು ಕಡೆ ಮಾತ್ರ ಎರಡು ದೋಣಿ ಅಂಟಿಕೊಂಡಿದ್ದವು. ಗೋಯ್ದ ಖಾರ್ವಿ, ಸಿದ್ದು ಮರಕಾಲ ಇಬ್ಬರ ಬೈಗುಳ ಗಾಳಿಯಲ್ಲಿ ತೇಲಿ ಬರುತ್ತಿತ್ತು.

ಇಂಚರಾ ಎದ್ದು ನಿಂತಳು. ನೀರಿನ ಕೆಳಗಿನ ಗುಡ್ಡ, ಯಾರೂ ಇಡಿಯಾಗಿ ಕಂಡಿರದ ಆ ಬೆನ್ನು, ಕಡಲಿನ ಮೇಲೆ ಕುಡುಗೋಲಿನಂತೆ ಬಾಗಿ ದೂರದವರೆಗೆ ದೋಣಿಗಳಾಗಿ ನಿಂತಿತ್ತು.

"ಕೂಕೋ ಹೆಣೆ, ದೋಣಿ ಅಲ್ಲಾಡ್ತ್," ಎಂದ ಮಾವ.

ಅವಳು ಕೂರಲಿಲ್ಲ. ಸ್ವಲ್ಪ ಹೊತ್ತು ನೋಡಿ, ಅವನೂ ಹುಟ್ಟು ಕೆಳಗಿಟ್ಟು ಎದ್ದು ನಿಂತ.